ಕರ್ನಲ್ ಒಳಗಿನ ಹಳೆಯ ತೂಬುಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಎಂಬ ಹೆಸರು ಭೂಪಟದಲ್ಲಿದೆ, ನೀರು ಮಾತ್ರ ಒಳ್ಳೆಯ ಮಳೆಗಾಲದಲ್ಲಿ ಮುಖ ತೋರಿಸಿ ಹೋಗುತ್ತದೆ. ಆದ್ದರಿಂದಲೇ ಇಲ್ಲಿಯ ಹಿರಿಯರು ಊರೂರಿಗೂ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಳಿಯಂತೆ ಸಾವಿರಾರು ಕೆರೆಗಳು ಈ ಸೀಮೆಯಲ್ಲಿ ಹಬ್ಬಿಕೊಂಡಿವೆ. ಕೆರೆಯ ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆ ಅಳೆದು ಬಿಡುವ ಕೆಲಸ ನೀರುಗಂಟಿಯದು. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಿತೆಂಬ ಲೆಕ್ಕ ಅವನ ತಲೆಯಲ್ಲಿ ಇರುತ್ತಿತ್ತು.

ನೀವು ಬಳಸುವ ಗಣಕಯಂತ್ರದಲ್ಲಿಯೂ ಇಂಥ ಒಬ್ಬ ನೀರುಗಂಟಿ ಇದ್ದಾನೆ. ಅವನು ಹಂಚುವುದು ನೀರನ್ನಲ್ಲ, ಸ್ಮೃತಿಯನ್ನು, ಅಂದರೆ ಮೆಮೊರಿಯನ್ನು. ಅವನು ವಾಸಿಸುವ ಜಾಗಕ್ಕೆ ಕರ್ನಲ್ ಎಂದು ಹೆಸರು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳ ತಿರುಳು ಭಾಗವೇ ಕರ್ನಲ್. ಯಂತ್ರಾಂಶಕ್ಕೂ ನಾವು ನಡೆಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಮೃತಿ, ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್, ಯಾರಿಗೆ ಯಾವ ಕಡತ ಎಂದು ತೀರ್ಮಾನಿಸುವುದು ಅದರ ಕೆಲಸ.

ನೀರು ಹಂಚುವ ಪದ್ಧತಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಹಳೆಯ ತೂಬುಗಳು ಕೆಲಸಕ್ಕೆ ಬಾರದಾಗುತ್ತವೆ. ಹಾಗೆಂದು ಏರಿಯಿಂದ ಅವುಗಳನ್ನು ಒಂದೇ ದಿನ ಕಿತ್ತೆಸೆಯಲು ಸಾಧ್ಯವೇ? ಕಿತ್ತರೆ ಏರಿಯೇ ಒಡೆದೀತು. ಕರ್ನಲ್ ಬರೆಯುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಲಿನಕ್ಸ್ ಕರ್ನಲ್ಲಿನಲ್ಲಿ ಸ್ಮೃತಿ ಹಂಚಿಕೆಯ ಕೆಲವು ಹಳೆಯ ಸೆಟ್ಟಿಂಗುಗಳನ್ನು ನಿವೃತ್ತಿಗೊಳಿಸಲು ವರ್ಷಗಟ್ಟಲೆ ನಡೆದ ಪ್ರಯತ್ನದ ಕಥೆ ಇದು. ಇದರ ಆರಂಭದಲ್ಲಿ ನಮ್ಮ ದೇಶದಲ್ಲಿ ಕುಳಿತು ಬರೆದವರ ಕೈವಾಡವೂ ಇದೆ.

ಪುಟಗಳ ಲೆಕ್ಕ

ಕರ್ನಲ್ ಸ್ಮೃತಿಯನ್ನು ಬೈಟ್ ಬೈಟಾಗಿ ಹಂಚುವುದಿಲ್ಲ. ಹಾಗೆ ಹಂಚಿದರೆ ಲೆಕ್ಕ ಬರೆಯುವುದಕ್ಕೇ ಸ್ಮೃತಿ ಸಾಲದು. ಅದು ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸುತ್ತದೆ. ನಮ್ಮ ಸಾಮಾನ್ಯ ಗಣಕಗಳಲ್ಲಿ ಒಂದು ಪುಟಕ್ಕೆ 4,096 ಬೈಟ್. ನಿಮ್ಮ ಕಾಲೇಜಿನ ಪ್ರಯೋಗಾಲಯದ ಗಣಕದಲ್ಲಿ 8 ಗಿಗಾಬೈಟ್ ಸ್ಮೃತಿ ಇದ್ದರೆ ಎಷ್ಟು ಪುಟಗಳಾದವು? ಭಾಗಾಕಾರ ಮಾಡಿ ನೋಡಿ, 20,97,152 ಬರುತ್ತದೆ. ಸುಮಾರು 21 ಲಕ್ಷ ಮಡಿಗಳಿರುವ ಗದ್ದೆ ಬಯಲು ಎಂದಿಟ್ಟುಕೊಳ್ಳಿ.

ಬಹಳ ವರ್ಷಗಳವರೆಗೆ ಲಿನಕ್ಸ್ ಈ ಪುಟಗಳನ್ನು ಕೇಳಿದವರಿಗೆ ಕೇಳಿದಷ್ಟು ಕೊಡುತ್ತಿತ್ತು. ಒಂದೊಂದು ಕ್ರಮವಿಧಿಗೆ ಮಿತಿ ಹಾಕಲು ಕೆಲವು ಉಪಾಯಗಳಿದ್ದವು. ಆದರೆ ಒಂದು ಗುಂಪು ಕ್ರಮವಿಧಿಗಳೆಲ್ಲ ಸೇರಿ ಇಷ್ಟನ್ನು ಮೀರಬಾರದು ಎಂದು ಹೇಳಲು ದಾರಿಯಿರಲಿಲ್ಲ. ಒಂದೇ ದೊಡ್ಡ ಗಣಕದಲ್ಲಿ ಹತ್ತಾರು ಗಿರಾಕಿಗಳ ಕೆಲಸ ನಡೆಸುವ ಸಂಸ್ಥೆಗಳಿಗೆ ಇದು ದೊಡ್ಡ ತಲೆನೋವು. ಒಬ್ಬ ಗಿರಾಕಿಯ ಕ್ರಮವಿಧಿ ಹುಚ್ಚೆದ್ದು ಸ್ಮೃತಿಯನ್ನೆಲ್ಲ ಕುಡಿದುಬಿಟ್ಟರೆ ಉಳಿದವರೆಲ್ಲ ಬಾಯಾರಿ ಬೀಳಬೇಕಾಗುತ್ತಿತ್ತು. ಮೇಲಿನ ಗದ್ದೆಯವನು ರಾತ್ರೋರಾತ್ರಿ ಕಾಲುವೆ ಒಡೆದುಕೊಂಡ ಹಾಗೆ.

ಈ ತೊಂದರೆಗೆ ಉತ್ತರವಾಗಿ ಕಂಟ್ರೋಲ್ ಗ್ರೂಪ್, ಚುಟುಕಾಗಿ ಸಿಗ್ರೂಪ್ ಎಂಬ ವ್ಯವಸ್ಥೆ ಬಂತು. ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಥ್ ಅವರು 2006ರಲ್ಲಿ ಆರಂಭಿಸಿದ ಈ ಕೆಲಸ 2008ರ ಜನವರಿಯಲ್ಲಿ ಹೊರಬಂದ ಕರ್ನಲ್ 2.6.24ನೇ ಆವೃತ್ತಿಯಲ್ಲಿ ಸೇರಿತು. ಇದು ಕ್ರಮವಿಧಿಗಳನ್ನು ಗುಂಪು ಮಾಡುವ ಚೌಕಟ್ಟು ಮಾತ್ರ. ಗುಂಪಿಗೆ ಸ್ಮೃತಿಯ ಮಿತಿ ಹಾಕುವ ಭಾಗ ಅದೇ ವರ್ಷದ ಏಪ್ರಿಲ್‌ನಲ್ಲಿ 2.6.25ರೊಂದಿಗೆ ಬಂತು. ಅದನ್ನು ಮುಖ್ಯವಾಗಿ ಬರೆದವರು ಐಬಿಎಂ ಸಂಸ್ಥೆಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಭಾರತದ ಶಾಖೆಯಲ್ಲಿದ್ದ ಬಲ್ಬೀರ್ ಸಿಂಗ್. ಜೊತೆಗೆ ರಷ್ಯಾದ ಪಾವೆಲ್ ಎಮೆಲ್ಯಾನೊವ್ ಅವರ ಕೆಲಸವೂ ಇದೆ. ಐಬಿಎಂನ ಆ ಕೇಂದ್ರಕ್ಕೆ ಕೋಲಾರದ ಪಕ್ಕದ ಬೆಂಗಳೂರಿನಲ್ಲಿಯೂ ಕಚೇರಿಯಿತ್ತು. ಕರ್ನಲ್ಲಿನ ಮೂಲ ಕಡತದ ತಲೆಬರಹದಲ್ಲಿ ಈ ಇಬ್ಬರ ಹೆಸರು, 2007 ಎಂಬ ವರ್ಷದೊಂದಿಗೆ ದಾಖಲಾಗಿದೆ. ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ನಡೆಯುವ ಒಂದು ಕಡತದ ಮೊದಲ ಸಾಲುಗಳಲ್ಲಿ ಭಾರತದಲ್ಲಿ ಕುಳಿತು ಬರೆದವರ ಹೆಸರಿರುವುದು ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ತಿಳಿದಂತಿಲ್ಲ.

ಈ ಪದ್ಧತಿಯಲ್ಲಿ ಪ್ರತಿ ಪುಟಕ್ಕೂ ‘ಇದು ಯಾವ ಗುಂಪಿನ ಲೆಕ್ಕ’ ಎಂಬ ಒಂದು ಚೀಟಿ ಅಂಟಿಸಬೇಕು. ಇಂದಿನ 64 ಬಿಟ್ ಯಂತ್ರದಲ್ಲಿ ಆ ಚೀಟಿ 8 ಬೈಟ್ ಹಿಡಿಯುತ್ತದೆ. 21 ಲಕ್ಷ ಪುಟಗಳಿಗೆ ಹತ್ತಿರಹತ್ತಿರ 16 ಮೆಗಾಬೈಟ್ ಬರೀ ಚೀಟಿಗಳಿಗೇ ಹೋಯಿತು. ಕರ್ನಲ್ಲಿನೊಳಗೆ ಯಾವ ಸೌಕರ್ಯವೂ ಪುಕ್ಕಟೆಯಲ್ಲ ಎಂಬುದನ್ನು ಇಲ್ಲಿಯೇ ಗಮನಿಸಿ. ಬಳಸುವವನು ಒಬ್ಬನಾದರೂ ಅದರ ವೆಚ್ಚ ಎಲ್ಲರ ತಲೆಯ ಮೇಲೆ ಬೀಳುವುದುಂಟು.

ದೊಡ್ಡ ಕಾಲುವೆ, ಸಣ್ಣ ಕಾಲುವೆ

ಸ್ಮೃತಿ ನಿಯಂತ್ರಕದ ಜೊತೆಗೆ ಒಂದೊಂದಾಗಿ ಸೆಟ್ಟಿಂಗುಗಳು ಬರತೊಡಗಿದವು. ಲಿನಕ್ಸಿನಲ್ಲಿ ಇಂಥ ಸೆಟ್ಟಿಂಗುಗಳು ಸಣ್ಣ ಸಣ್ಣ ಕಡತಗಳ ರೂಪದಲ್ಲಿ ಕಾಣಿಸುತ್ತವೆ. ಕಡತಕ್ಕೆ ಒಂದು ಸಂಖ್ಯೆ ಬರೆದರೆ ಸಾಕು, ತೂಬು ಅಷ್ಟಕ್ಕೆ ತಿರುಗಿದಂತೆ.

ಮೊದಲಿನದು ಗುಂಪಿನೊಳಗೆ ಗುಂಪು ಮಾಡುವ ವಿಚಾರ. ಕಾಲೇಜು ಎಂಬ ಒಂದು ದೊಡ್ಡ ಗುಂಪು, ಅದರೊಳಗೆ ವಿಜ್ಞಾನ ವಿಭಾಗ, ವಾಣಿಜ್ಯ ವಿಭಾಗ ಎಂಬ ಸಣ್ಣ ಗುಂಪುಗಳು. ಸಣ್ಣ ಗುಂಪು ಬಳಸಿದ ಸ್ಮೃತಿ ದೊಡ್ಡ ಗುಂಪಿನ ಲೆಕ್ಕಕ್ಕೂ ಸೇರಬೇಕಲ್ಲವೇ? ಆರಂಭದಲ್ಲಿ ಸೇರುತ್ತಿರಲಿಲ್ಲ! ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆಗೆ ಹೋದ ನೀರು ದೊಡ್ಡ ಕಾಲುವೆಯ ಪುಸ್ತಕದಲ್ಲಿ ಬರೆಯದೆ ಬಿಟ್ಟಂತೆ. ದೊಡ್ಡ ಗುಂಪಿಗೆ 2 ಗಿಗಾಬೈಟ್ ಮಿತಿ ಹಾಕಿದರೂ ಅದರೊಳಗಿನ ಸಣ್ಣ ಗುಂಪುಗಳು ಎಷ್ಟಾದರೂ ಬಳಸಬಹುದಿತ್ತು. ಇದನ್ನು ಸರಿಪಡಿಸಲು 2009ರಲ್ಲಿ ‘ಯೂಸ್ ಹೈರಾರ್ಕಿ’ ಎಂಬ ಸೆಟ್ಟಿಂಗ್ ಬಂತು. ಅದಕ್ಕೆ 1 ಎಂದು ಬರೆದರೆ ಮೇಲುಕೀಳಿನ ಲೆಕ್ಕ ಸರಿಯಾಗುತ್ತಿತ್ತು. 0 ಎಂದೇ ಬಿಟ್ಟರೆ ಹಳೆಯ ತಪ್ಪು ಲೆಕ್ಕವೇ ಮುಂದುವರಿಯುತ್ತಿತ್ತು.

ಸರಿಯಾದ ಲೆಕ್ಕವನ್ನೇ ಎಲ್ಲರಿಗೂ ಜಾರಿ ಮಾಡಬಹುದಿತ್ತಲ್ಲ, ಆಯ್ಕೆ ಏಕೆ ಕೊಟ್ಟರು ಎಂದು ನೀವು ಕೇಳಬಹುದು. ಕಾರಣ ಸರಳ. 2008ರ ವ್ಯವಸ್ಥೆಯನ್ನು ನಂಬಿ ಆಗಲೇ ಕೆಲವರು ತಮ್ಮ ತಂತ್ರಾಂಶ ಬರೆದುಬಿಟ್ಟಿದ್ದರು. ಜೊತೆಗೆ ಮೇಲಿನ ಗುಂಪುಗಳ ಲೆಕ್ಕವನ್ನೂ ಪ್ರತಿ ಸಾರಿ ತಿದ್ದುತ್ತಾ ಹೋದರೆ ಕೆಲಸ ನಿಧಾನವಾಗುತ್ತದೆಂಬ ಅಂಜಿಕೆಯೂ ಇತ್ತು. ಹೀಗೆ ಒಂದು ಸಣ್ಣ ಆಯ್ಕೆ ಕರ್ನಲ್ಲಿನೊಳಗೆ ಎರಡು ಬಗೆಯ ಲೋಕಗಳನ್ನು ಹುಟ್ಟುಹಾಕಿತು. ಮುಂದೆ ಯಾರು ಯಾವ ಹೊಸ ಸೌಕರ್ಯ ಸೇರಿಸಿದರೂ ಎರಡೂ ಲೋಕಗಳಲ್ಲಿ ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಬೇಕಾಯಿತು. ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಹೀಗೇ ನಡೆಯಿತು. 2021ರ ಫೆಬ್ರವರಿಯಲ್ಲಿ ಬಂದ 5.11ನೇ ಆವೃತ್ತಿಯಲ್ಲಿ, ರೋಮನ್ ಗುಷ್ಚಿನ್ ಎಂಬವರ ತಿದ್ದುಪಡಿಯಿಂದ, ತಪ್ಪು ಲೆಕ್ಕದ ಲೋಕ ಮುಚ್ಚಿತು. ಯೂಸ್ ಹೈರಾರ್ಕಿ ಕಡತ ಮಾತ್ರ ಉಳಿಯಿತು. ಅದನ್ನು ಓದಿದರೆ ಯಾವಾಗಲೂ 1 ಎನ್ನುತ್ತದೆ, 0 ಬರೆಯಲು ಹೋದರೆ ಒಪ್ಪುವುದಿಲ್ಲ. ಈ ಪದ್ಧತಿ ರದ್ದಾಗಿದೆ, ನಿಮಗೆ ನಿಜಕ್ಕೂ ಬೇಕಿದ್ದರೆ ಕಾರಣ ತಿಳಿಸಿ ಬರೆಯಿರಿ ಎಂದು ಯಂತ್ರದ ದಿನಚರಿಯಲ್ಲಿ ಒಂದು ಸಾಲನ್ನೂ ಬರೆಯುತ್ತದೆ.

ಬರದಲ್ಲಿ ಮೊದಲು ಯಾರಿಗೆ ಕಡಿತ?

ಎರಡನೆಯ ಸೆಟ್ಟಿಂಗ್ ‘ಸಾಫ್ಟ್ ಲಿಮಿಟ್’. ಮೃದು ಮಿತಿ ಎನ್ನೋಣ. ಇದೂ ಬಲ್ಬೀರ್ ಸಿಂಗ್ ಅವರದೇ ಕೆಲಸ. 2009ರ ಡಿಸೆಂಬರಿನ 2.6.32ರಲ್ಲಿ ಸೇರಿತು. ಉದ್ದೇಶ ಬಹಳ ಚೆನ್ನಾಗಿತ್ತು. ಕೆರೆ ತುಂಬಿದ ವರ್ಷ ಯಾರು ಎಷ್ಟು ಬಳಸಿದರೂ ತಕರಾರಿಲ್ಲ. ಬರ ಬಂದಾಗ ಮಾತ್ರ ತಮ್ಮ ಮೃದು ಮಿತಿಯನ್ನು ಮೀರಿ ಬಳಸಿರುವವರಿಂದ ಮೊದಲು ಹಿಂದಕ್ಕೆ ಪಡೆಯುವುದು. ಗಟ್ಟಿ ಮಿತಿಯಂತೆ ಇದು ಸದಾ ತಡೆಯುವುದಿಲ್ಲ, ಕೊರತೆಯ ಹೊತ್ತಿಗೆ ಮಾತ್ರ ಎಚ್ಚರಗೊಳ್ಳುತ್ತದೆ.

ಲೋಪ ಎಲ್ಲಿತ್ತು? ಏನನ್ನೂ ಬರೆಯದೆ ಬಿಟ್ಟವರ ಮೃದು ಮಿತಿ ‘ಅಪರಿಮಿತ’ ಎಂದೇ ಇರುತ್ತಿತ್ತು. ಈಗ ಊರಿನ ಉದಾಹರಣೆಗೆ ಬನ್ನಿ. ನೂರು ಮನೆಗಳ ಪೈಕಿ ಐವರು ಮಾತ್ರ ನೀರುಗಂಟಿಯ ಪುಸ್ತಕದಲ್ಲಿ ‘ನಮಗೆ ಇಷ್ಟು ಸಾಕು’ ಎಂದು ಪ್ರಾಮಾಣಿಕವಾಗಿ ಬರೆಸಿದ್ದಾರೆ. ಉಳಿದ ತೊಂಬತ್ತೈದು ಮನೆಯವರು ಬರೆಸಿಲ್ಲ. ಬರ ಬಂತು. ನೀರುಗಂಟಿ ಪುಸ್ತಕ ತೆರೆದು ಮಿತಿ ಮೀರಿದವರನ್ನು ಹುಡುಕುತ್ತಾನೆ. ಬರೆಸದವರಿಗೆ ಮಿತಿಯೇ ಇಲ್ಲ, ಆದ್ದರಿಂದ ಅವರು ಮೀರಿದವರಲ್ಲ! ಕಡಿತವೆಲ್ಲ ಆ ಐದು ಮನೆಗಳ ಮೇಲೆಯೇ. ಬಿಟ್ಟಿ ಸತ್ಯವಂತರಿಗೆ ದಂಡ ಎಂದರೆ ಇದೇ.

ಮತ್ತೊಂದು ಲೋಪವೂ ಇತ್ತು. ಮೃದು ಮಿತಿ ಮೀರಿದ ಗುಂಪುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸರಿಸಮವಾಗಿ ನಿಲ್ಲಿಸಲಾಗುತ್ತಿತ್ತು. ಯಾರು ದೊಡ್ಡ ಗುಂಪು, ಯಾರು ಅದರೊಳಗಿನ ಸಣ್ಣ ಗುಂಪು ಎಂಬ ಭೇದವನ್ನು ಆ ಪಟ್ಟಿ ನೋಡುತ್ತಿರಲಿಲ್ಲ. ಒಮ್ಮೆ ಹಿಂದಕ್ಕೆ ಪಡೆಯಲು ತೊಡಗಿದರೆ ಬೇಕಾದದ್ದಕ್ಕಿಂತ ಹೆಚ್ಚನ್ನು ಎಳೆದುಕೊಳ್ಳುತ್ತಿತ್ತು, ಅದರಿಂದ ಯಂತ್ರವೇ ತಡವರಿಸುತ್ತಿತ್ತು. ಮೂಲ ವಿನ್ಯಾಸದಲ್ಲಿಯೇ ತಲೆಕೆಳಗಾದ ವಿಚಾರವನ್ನು ಮೇಲಿನಿಂದ ತೇಪೆ ಹಾಕಿ ಸರಿಮಾಡಲಾಗಲಿಲ್ಲ.

ರೇಷನ್ ಕಾರ್ಡಿನ ಜೊತೆ ತಿಂದ ಅಕ್ಕಿಯೂ

ಮೂರನೆಯದು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವಂಥದು. ಒಂದು ಕ್ರಮವಿಧಿಯನ್ನು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸಾಗಿಸಿದಾಗ ಅದು ಆಗಲೇ ಬಳಸಿರುವ ಸ್ಮೃತಿಯ ಲೆಕ್ಕವನ್ನೂ ಜೊತೆಯಲ್ಲಿಯೇ ಸಾಗಿಸುವ ಸೌಕರ್ಯ. 2010ರಲ್ಲಿ ಬಂತು. ಒಂದು ಸಂಸಾರ ಮಾಲೂರಿನಿಂದ ಮುಳಬಾಗಿಲಿಗೆ ಮನೆ ಬದಲಿಸಿತು ಎನ್ನಿ. ರೇಷನ್ ಕಾರ್ಡನ್ನು ಹೊಸ ಊರಿಗೆ ವರ್ಗ ಮಾಡಿಸುವುದು ಸರಿ. ಆದರೆ ಮಾಲೂರಿನಲ್ಲಿ ಆಗಲೇ ತಿಂದು ಮುಗಿಸಿದ ಅಕ್ಕಿಯ ಲೆಕ್ಕವನ್ನೂ ಒಂದೊಂದು ಸೇರಿನಂತೆ ಮಾಲೂರಿನ ಪುಸ್ತಕದಿಂದ ಅಳಿಸಿ ಮುಳಬಾಗಿಲಿನ ಪುಸ್ತಕಕ್ಕೆ ಏರಿಸಬೇಕೆಂದರೆ ಹೇಗೆ? ಆ ಅಕ್ಕಿಯಲ್ಲಿ ಪಕ್ಕದ ಮನೆಯವರಿಗೂ ಒಂದು ಪಾಲು ಹೋಗಿದ್ದರೆ ಅದನ್ನು ಯಾರ ಲೆಕ್ಕಕ್ಕೆ ಹಾಕುವುದು?

ಕರ್ನಲ್ ಇದನ್ನು ಮಾಡಲು ಒಂದೊಂದೇ ಪುಟವನ್ನು ಹುಡುಕಿ, ಅದಕ್ಕೆ ಬೀಗ ಹಾಕಿ, ಬೇರೆ ಯಾರೂ ಮುಟ್ಟದಂತೆ ತಡೆದು, ಚೀಟಿ ಬದಲಿಸಬೇಕಿತ್ತು. ತೊಂದರೆ ಅಷ್ಟಕ್ಕೇ ನಿಲ್ಲಲಿಲ್ಲ. ಪುಟದ ಚೀಟಿ ಯಾವ ಕ್ಷಣದಲ್ಲಾದರೂ ಬದಲಾಗಬಹುದು ಎಂಬ ಕಾರಣಕ್ಕೆ ಕರ್ನಲ್ಲಿನ ಇತರ ಭಾಗಗಳೂ ತಮ್ಮ ದೈನಂದಿನ ಕೆಲಸದಲ್ಲಿ ಆ ಬೀಗವನ್ನು ನೋಡಿಕೊಂಡೇ ಹೋಗಬೇಕಾಯಿತು. ಈ ಸೌಕರ್ಯವನ್ನು ಬಳಸುವವರು ಕೈಬೆರಳೆಣಿಕೆಯವರು. ಬೀಗದ ಭಾರ ಎಲ್ಲರದು. ಆದ್ದರಿಂದ 2022ರ ಕೊನೆಯಲ್ಲಿ ಯೋಹಾನೆಸ್ ವೈನರ್ ಎಂಬ ತಜ್ಞರು ಇದನ್ನು ರದ್ದುಪಡಿಸುವ ಸೂಚನೆ ಹೊರಡಿಸುವ ತಿದ್ದುಪಡಿ ಬರೆದರು. ಸುಮಾರು ಎರಡು ವರ್ಷ ಕಾದು, 2024ರ ಅಕ್ಟೋಬರಿನಲ್ಲಿ ಶಕೀಲ್ ಬಟ್ ಅವರು ಆ ಸಂಕೇತವನ್ನೇ ತೆಗೆದುಹಾಕಿದರು. ಜೊತೆಗೆ ಬೀಗಗಳೂ ಹೋದವು. ಇದು ಸುಖಾಂತ್ಯ ಕಂಡ ನಿವೃತ್ತಿ.

ಕಡತ ಕಾಣೆಯಾದಾಗ

ಎಲ್ಲ ನಿವೃತ್ತಿಗಳೂ ಹೀಗೆ ಸುಸೂತ್ರವಾಗಿ ನಡೆಯುವುದಿಲ್ಲ. ಈಗ ಹೇಳಲಿರುವ ಪ್ರಸಂಗವನ್ನು ತುಸು ವಿವರವಾಗಿಯೇ ನೋಡೋಣ, ಏಕೆಂದರೆ ಇಂಥ ಕೆಲಸದ ಕಷ್ಟವೆಲ್ಲ ಇದರಲ್ಲಿದೆ.

ಒಂದು ಕ್ರಮವಿಧಿ ಕೆಲಸ ಮಾಡುವಾಗ ಅದು ನೇರವಾಗಿ ಬಳಸುವ ಸ್ಮೃತಿ ಒಂದು. ಅದರ ಪರವಾಗಿ ಕರ್ನಲ್ ತಾನು ಬಳಸುವ ಸ್ಮೃತಿ ಮತ್ತೊಂದು. ಕಡತ ತೆರೆದರೆ ಅದರ ವಿವರ ಇಟ್ಟುಕೊಳ್ಳಲು, ಜಾಲದಲ್ಲಿ ಸಂದೇಶ ಕಳಿಸಿದರೆ ಅದನ್ನು ಹಿಡಿದಿಡಲು ಕರ್ನಲ್ಲಿಗೂ ಜಾಗ ಬೇಕು. ಗದ್ದೆಗೆ ಬಿಟ್ಟ ನೀರಿನಲ್ಲಿ ಕಾಲುವೆಯೇ ಒಂದಿಷ್ಟು ಕುಡಿಯುವುದಿಲ್ಲವೇ, ಹಾಗೆ. ಈ ಎರಡನೆಯ ಬಗೆಯ ಸ್ಮೃತಿಗೆ ಪ್ರತ್ಯೇಕ ಮಿತಿ ಹಾಕುವ ‘ಕೆಮೆಮ್ ಲಿಮಿಟ್’ ಎಂಬ ಸೆಟ್ಟಿಂಗ್ 2013ರ 3.8ನೇ ಆವೃತ್ತಿಯಲ್ಲಿ ಬಂತು.

ಅನುಭವದಲ್ಲಿ ಇದು ಕೈಕೊಟ್ಟಿತು. ಗದ್ದೆಯ ಪಾಲಿನಲ್ಲಿ ಬೇಕಾದಷ್ಟು ನೀರು ಉಳಿದಿದ್ದರೂ ಕಾಲುವೆಯ ಪಾಲು ಮುಗಿಯಿತೆಂದು ಹರಿವೇ ನಿಂತುಹೋಗುವ ಸ್ಥಿತಿ. ಕರ್ನಲ್ ತನ್ನ ಸಣ್ಣಪುಟ್ಟ ಕೆಲಸಕ್ಕೆ ಸ್ಮೃತಿ ಸಿಗದೆ ಸೋಲುತ್ತಿತ್ತು. ಯಂತ್ರವನ್ನು ನೋಡಿಕೊಳ್ಳುವವನಿಗೋ ಕಾಲುವೆ ಎಷ್ಟು ಕುಡಿದೀತು ಎಂದು ಮೊದಲೇ ಅಂದಾಜು ಮಾಡುವುದು ಅಸಾಧ್ಯ. ಎರಡನ್ನೂ ಕೂಡಿಸಿ ಒಂದೇ ಮಿತಿ ಹಾಕುವುದೇ ಸರಿಯೆಂದು ಎಲ್ಲರಿಗೂ ಮನವರಿಕೆಯಾಯಿತು. 2019ರಲ್ಲಿ 5.4ನೇ ಆವೃತ್ತಿಯೊಂದಿಗೆ ಈ ಸೆಟ್ಟಿಂಗಿಗೆ ನಿವೃತ್ತಿಯ ಸೂಚನೆ ಹೊರಬಿತ್ತು. 2021ರ ಕೊನೆಯಲ್ಲಿ ಮುಂದಿನ ಹೆಜ್ಜೆ ಇಟ್ಟರು. ಕಡತ ಇರುತ್ತದೆ, ಆದರೆ ಅದಕ್ಕೆ ಬರೆಯಲು ಹೋದರೆ ‘ಈ ಸೌಕರ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಇಷ್ಟಾದ ಮೇಲೆ ಯಾರೂ ಬಳಸುತ್ತಿರಲಾರರೆಂದು ನಂಬಿ, 2023ರಲ್ಲಿ ಕಡತವನ್ನೇ ತೆಗೆದರು.

ಕೂಡಲೇ ದೂರು ಬಂತು. ಕಂಟೇನರ್ ಎಂದು ನೀವು ಕೇಳಿರಬಹುದು. ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಸರಂಜಾಮಿನೊಂದಿಗೆ ಒಂದು ಡಬ್ಬಿಯಲ್ಲಿ ಕಟ್ಟಿ ಎಲ್ಲಿ ಬೇಕಾದರೂ ನಡೆಸುವ ಪದ್ಧತಿ ಅದು. ದೊಡ್ಡ ದೊಡ್ಡ ಜಾಲತಾಣಗಳು ಬಹುಪಾಲು ಇಂಥ ಡಬ್ಬಿಗಳ ಮೇಲೆಯೇ ನಿಂತಿವೆ. ಪ್ರತಿ ಡಬ್ಬಿಗೂ ಸ್ಮೃತಿಯ ಮಿತಿ ಹಾಕುವುದು ಇದೇ ಸಿಗ್ರೂಪ್. ಡಬ್ಬಿಗಳನ್ನು ಆರಂಭಿಸುವ ‘ರನ್‌ಸಿ’ ಎಂಬ ತಂತ್ರಾಂಶ ಆ ಕೆಮೆಮ್ ಕಡತ ಇದೆಯೆಂದೇ ಭಾವಿಸಿ ನಡೆಯುತ್ತಿತ್ತು. ಮಿತಿಯಿಂದ ಅದಕ್ಕೆ ಏನೂ ಆಗಬೇಕಾಗಿರಲಿಲ್ಲ. ಕಡತ ಕಾಣದಿದ್ದಾಗ ಮಾತ್ರ ದಿಕ್ಕು ತಪ್ಪಿ ಸೋತಿತು. ಬೇಡದ ತೂಬನ್ನು ತೆಗೆದದ್ದಕ್ಕೆ ಕಾಲುವೆಗೆ ಬರಬೇಕಾದ ನೀರೇ ನಿಂತಿತು!

ಹಾಗಾದರೆ ಕಡತವನ್ನು ಮರಳಿ ಇಟ್ಟರಾಯಿತಲ್ಲ? ಅದೂ ಸಾಲದು. ಬರೆಯಲು ಹೋದಾಗ ‘ಈ ಸೌಕರ್ಯವಿಲ್ಲ’ ಎಂಬ ಉತ್ತರವನ್ನು ಕಂಡೇ ಗಾಬರಿಯಾಗಿ ನಿಲ್ಲುವ ಬೇರೊಂದು ಬಗೆಯ ತಂತ್ರಾಂಶಗಳೂ ಇದ್ದವು. ಕಡತವಿಲ್ಲದಿದ್ದರೆ ಒಬ್ಬರಿಗೆ ತೊಂದರೆ, ಇದ್ದು ನಿರಾಕರಿಸಿದರೆ ಇನ್ನೊಬ್ಬರಿಗೆ ತೊಂದರೆ. ತಂತ್ರಾಂಶಗಳನ್ನು ತಿದ್ದಬಹುದು ನಿಜ, ಆದರೆ ಆ ತಿದ್ದುಪಡಿ ಜಗತ್ತಿನ ಮೂಲೆಮೂಲೆಯಲ್ಲಿರುವ ಯಂತ್ರಗಳನ್ನು ಯಾವಾಗ ಮುಟ್ಟೀತೆಂದು ಹೇಳುವವರಾರು? 2023ರ ಸೆಪ್ಟೆಂಬರಿನಲ್ಲಿ ಮಿಖಾಲ್ ಹೊಕೊ ಎಂಬವರು ಕೊಟ್ಟ ಪರಿಹಾರ ಹೀಗಿತ್ತು: ಕಡತ ಮರಳಿ ಬರಲಿ. ಯಾರು ಏನು ಬರೆದರೂ ಆಗಲಿ ಎನ್ನಲಿ. ಒಳಗೆ ಮಾತ್ರ ಏನನ್ನೂ ಮಾಡದಿರಲಿ. ದಿನಚರಿಯಲ್ಲಿ ಒಂದು ಎಚ್ಚರಿಕೆಯ ಸಾಲು ಬರೆದಿಡಲಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೋಲಿಕೆ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಈ ನೀರಿನ ಉದ್ದೇಶ ಅಂತರ್ಜಲ ತುಂಬುವುದು, ತೂಬೆತ್ತಿ ನೇರವಾಗಿ ಗದ್ದೆಗೆ ಹಾಯಿಸುವುದಲ್ಲ. ಅಂಥ ಕೆರೆಗಳ ಏರಿಯಲ್ಲಿ ತೂಬಿನ ಕಲ್ಲುಕಂಬ ಹಾಗೇ ನಿಂತಿರುತ್ತದೆ, ಕೆಲಸ ಮಾತ್ರ ಇಲ್ಲ. ಅದನ್ನು ಕೀಳಲು ಹೋದರೆ ಏರಿಗೆ ಅಪಾಯ, ಆದ್ದರಿಂದ ಇದ್ದಲ್ಲಿಯೇ ಬಿಟ್ಟಿರುತ್ತಾರೆ. ಕೆಮೆಮ್ ಲಿಮಿಟ್ ಎಂಬ ಕಡತದ ಸ್ಥಿತಿಯೂ ಅದೇ ಆಯಿತು.

ಇಷ್ಟೊಂದು ಎಚ್ಚರಿಕೆಗೆ ಕಾರಣ ಲಿನಕ್ಸಿನ ಕರ್ತೃ ಲೀನಸ್ ಟೊರ್ವಾಲ್ಡ್ಸ್ ಮೊದಲಿನಿಂದ ಪಾಲಿಸಿಕೊಂಡು ಬಂದಿರುವ ಒಂದು ಕಟ್ಟಳೆ. ಕರ್ನಲ್ ಬದಲಾದ ಕಾರಣಕ್ಕೆ ನಿನ್ನೆಯವರೆಗೆ ನಡೆಯುತ್ತಿದ್ದ ಬಳಕೆದಾರನ ಕ್ರಮವಿಧಿ ಇಂದು ನಿಲ್ಲಬಾರದು. ತಪ್ಪು ಆ ಕ್ರಮವಿಧಿಯದೇ ಆಗಿದ್ದರೂ ಸರಿ. ಕೆಲವು ತಜ್ಞರಿಗೆ ಇದು ಕಟ್ಟುನಿಟ್ಟು ಹೆಚ್ಚಾಯಿತೆಂದು ಅನಿಸುವುದುಂಟು. ಫಲಿತಾಂಶದ ದಿನ ಬೆಳಿಗ್ಗೆ ಜಾಲತಾಣದ ಮುಂದೆ ಕುಳಿತ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಈ ಕಟ್ಟಳೆ ಎಷ್ಟು ಬಿಗಿಯಾಗಿದ್ದರೂ ಕಡಿಮೆಯೇ. ಅವನ ಅಂಕಪಟ್ಟಿಯ ಹಿಂದೆ ಎಲ್ಲೋ ಒಂದು ಯಂತ್ರದಲ್ಲಿ ಯಾವ ತೂಬನ್ನು ಯಾರು ಕಿತ್ತರೆಂಬುದು ಅವನಿಗೆ ಏಕೆ ತಿಳಿದಿರಬೇಕು?

ಹೊಸ ವ್ಯವಸ್ಥೆಯ ನಾಲ್ಕು ಮಟ್ಟಗಳು

ಹಳೆಯದನ್ನು ತೆಗೆಯುವ ಮೊದಲು ಹೊಸದು ಸಿದ್ಧವಾಗಿರಬೇಕಷ್ಟೆ. ಟೆಜುನ್ ಹಿಯೋ ಅವರ ಮುಂದಾಳುತನದಲ್ಲಿ ಸಿಗ್ರೂಪಿನ ಎರಡನೆಯ ಆವೃತ್ತಿ ರೂಪುಗೊಂಡು 2016ರ ಮಾರ್ಚಿನ 4.5ನೇ ಕರ್ನಲ್ಲಿನಲ್ಲಿ ಅಧಿಕೃತವಾಯಿತು. ಇದರಲ್ಲಿ ಗುಂಪುಗಳ ಮೇಲುಕೀಳಿನ ಲೆಕ್ಕ ಕಡ್ಡಾಯ, ಕರ್ನಲ್ ಬಳಸಿದ್ದೂ ಕ್ರಮವಿಧಿ ಬಳಸಿದ್ದೂ ಒಂದೇ ಖಾತೆಗೆ. ಕ್ರಮವಿಧಿ ಗುಂಪು ಬದಲಿಸಿದರೆ ತಿಂದ ಅಕ್ಕಿಯ ಲೆಕ್ಕ ತಿಂದ ಊರಿನಲ್ಲಿಯೇ ಉಳಿಯುತ್ತದೆ.

ಮೃದು ಮಿತಿಯ ಜಾಗಕ್ಕೆ ನಾಲ್ಕು ಮಟ್ಟಗಳು ಬಂದವು: ಮಿನ್, ಲೋ, ಹೈ, ಮ್ಯಾಕ್ಸ್. ಕೆರೆಯ ಭಾಷೆಯಲ್ಲಿ ಹೇಳುವುದಾದರೆ ಮಿನ್ ಎಂದರೆ ದನಕರುಗಳ ಬಾಯಿಗೆಂದು ಮೀಸಲಿಟ್ಟ ತಳದ ನೀರು, ಎಂಥ ಬರ ಬಂದರೂ ಅದನ್ನು ಮುಟ್ಟುವಂತಿಲ್ಲ. ಲೋ ಮಟ್ಟದವರೆಗಿನದನ್ನು ಬೇರೆಲ್ಲ ಮೂಲ ಮುಗಿದ ಮೇಲೆ ಮಾತ್ರ ಮುಟ್ಟಬಹುದು. ಹೈ ದಾಟಿದವನ ಓಟಕ್ಕೆ ಕಡಿವಾಣ ಬೀಳುತ್ತದೆ, ಅವನ ಕೆಲಸವನ್ನು ನಿಧಾನಗೊಳಿಸಿ ಪುಟಗಳನ್ನು ಹಿಂದಕ್ಕೆ ಪಡೆಯಲಾಗುತ್ತದೆ. ಮ್ಯಾಕ್ಸ್ ಮುಟ್ಟಿ ಹಿಂದಕ್ಕೆ ಪಡೆಯಲೂ ಏನೂ ಉಳಿಯದಿದ್ದರೆ ಆ ಗುಂಪಿನ ಕ್ರಮವಿಧಿಯೊಂದನ್ನು ಕರ್ನಲ್ ಕೊನೆಗಾಣಿಸುತ್ತದೆ. ಲೋ ಮತ್ತು ಹಳೆಯ ಮೃದು ಮಿತಿಯ ವ್ಯತ್ಯಾಸವನ್ನು ಗಮನಿಸಿ. ಹಿಂದೆ ಬರೆಸಿದವನಿಗೆ ದಂಡ ಬೀಳುತ್ತಿತ್ತು. ಈಗ ಬರೆಸಿದವನಿಗೆ ರಕ್ಷಣೆ ಸಿಗುತ್ತದೆ, ಬರೆಸದವನಿಂದ ಮೊದಲು ಪಡೆಯುತ್ತಾರೆ. ಒಂದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದಕ್ಕೆ ಉತ್ತರವೇ ಬದಲಾಯಿತು.

ಹೊಸದು ಬಂದರೂ ಜನ ಬೇಗ ಕದಲಲಿಲ್ಲ. ಫೆಡೋರಾ ಎಂಬ ಲಿನಕ್ಸ್ ವಿತರಣೆ 2019ರಲ್ಲಿ ಎರಡನೆಯ ಆವೃತ್ತಿಯನ್ನೇ ಸಹಜ ಆಯ್ಕೆಯಾಗಿ ಇಟ್ಟಿತು, ಉಳಿದವು ಒಂದೊಂದಾಗಿ ಹಿಂಬಾಲಿಸಿದವು. 2024ರ ವರ್ಷದಲ್ಲಿ ಬೆಳವಣಿಗೆಗಳು ಚುರುಕಾದವು. ಆ ವರ್ಷ ಸಿಸ್ಟಮ್‌ಡಿ ಎಂಬ ಆರಂಭಿಕ ತಂತ್ರಾಂಶ ಮೊದಲ ಆವೃತ್ತಿಯನ್ನು ಹಳತೆಂದು ಸಾರಿತು. ಡಬ್ಬಿಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಇನ್ನು ಮೊದಲ ಆವೃತ್ತಿಗೆ ಹೊಸ ಸೌಕರ್ಯಗಳಿಲ್ಲ ಎಂದಿತು. ಸೆಪ್ಟೆಂಬರಿನಲ್ಲಿ ಬಂದ ಕರ್ನಲ್ 6.11ರಲ್ಲಿ ಗುಷ್ಚಿನ್ ಅವರು ಹಳೆಯ ಆವೃತ್ತಿಯ ಸ್ಮೃತಿ ಸಂಕೇತವನ್ನೆಲ್ಲ ಒಂದು ಪ್ರತ್ಯೇಕ ಕಡತಕ್ಕೆ ಸರಿಸಿದರು. ಬೇಕೆನ್ನುವವರು ಕರ್ನಲ್ ಕಟ್ಟುವಾಗ ಅದನ್ನು ಆರಿಸಿಕೊಳ್ಳಬಹುದು, ಬೇಡದವರಿಗೆ ಅದರ ಭಾರವಿಲ್ಲ. ನವೆಂಬರಿನ 6.12ರಲ್ಲಿ ಮೃದು ಮಿತಿಗೂ ಅದರ ಜೊತೆಯ ಇನ್ನು ಕೆಲವು ಸೆಟ್ಟಿಂಗುಗಳಿಗೂ ನಿವೃತ್ತಿಯ ಸೂಚನೆ ಹೊರಟಿತು. 2009ರಲ್ಲಿ ಬಂದದ್ದಕ್ಕೆ 2024ರಲ್ಲಿ ಸೂಚನೆ, ನಡುವೆ ಹದಿನೈದು ವರ್ಷ.

ಬರೀ ಸಿಗ್ರೂಪಿನ ಕಥೆಯಲ್ಲ ಇದು. ಕರ್ನಲ್ ತನ್ನ ಸಣ್ಣ ವಸ್ತುಗಳಿಗೆ ಸ್ಮೃತಿ ಹಂಚಲು ಸ್ಲಾಬ್, ಸ್ಲೋಬ್ ಮತ್ತು ಸ್ಲಬ್ ಎಂಬ ಮೂರು ಪದ್ಧತಿಗಳನ್ನು ಇಟ್ಟುಕೊಂಡಿತ್ತು. ಸ್ಲೋಬ್ 2023ರಲ್ಲಿ, ಸ್ಲಾಬ್ 2024ರಲ್ಲಿ ಹೋದವು, ಸ್ಲಬ್ ಒಂದೇ ಉಳಿಯಿತು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೆ ನಡೆಯುವುದೂ ಲಿನಕ್ಸ್ ಕರ್ನಲ್ಲೇ. ಸ್ಮೃತಿ ಕಡಿಮೆಯಾದಾಗ ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚುವ ಕೆಲಸ ಒಂದು ಕಾಲಕ್ಕೆ ಕರ್ನಲ್ಲಿನೊಳಗೇ ಇತ್ತು. 2017ರ 4.12ರಲ್ಲಿ ಆ ಭಾಗವನ್ನು ತೆಗೆದರು, ಈಗ ಕರ್ನಲ್ಲಿನ ಹೊರಗಿನ ಒಂದು ಕ್ರಮವಿಧಿ ಆ ಕೆಲಸ ನೋಡಿಕೊಳ್ಳುತ್ತದೆ.

ನೀವೇ ಮಾಡಿ ನೋಡಿ

ಕಾಲೇಜಿನಲ್ಲಿ ಲಿನಕ್ಸ್ ಇರುವ ಗಣಕ ಸಿಕ್ಕರೆ, ಪ್ರಯೋಗಾಲಯದ ಅಧ್ಯಾಪಕರ ಅನುಮತಿ ಪಡೆದು ಮೂರು ಕೆಲಸ ಮಾಡಬಹುದು. ಯಾವುದರಿಂದಲೂ ಯಂತ್ರಕ್ಕೆ ಹಾನಿಯಿಲ್ಲ, ಏಕೆಂದರೆ ನೀವು ಓದುತ್ತೀರಿ ಅಷ್ಟೇ, ಬರೆಯುವುದಿಲ್ಲ. ಆಜ್ಞೆಗಳನ್ನು ಕೊಡುವ ಕಪ್ಪು ಕಿಟಕಿ ತೆರೆದು ‘ಫ್ರೀ’ ಎಂಬ ಆಜ್ಞೆ ಕೊಡಿ. ಒಟ್ಟು ಸ್ಮೃತಿ, ಬಳಸಿದ್ದು, ಉಳಿದದ್ದು ಸಾಲಾಗಿ ಕಾಣುತ್ತದೆ. ಒಟ್ಟು ಮೊತ್ತ ಕಿಲೋಬೈಟುಗಳಲ್ಲಿರುತ್ತದೆ, 4ರಿಂದ ಭಾಗಿಸಿದರೆ ಪುಟಗಳ ಸಂಖ್ಯೆ. ಆಮೇಲೆ ‘ಸಿಸ್’ ಕೋಶದೊಳಗಿನ ‘ಎಫ್‌ಎಸ್’, ಅದರೊಳಗಿನ ‘ಸಿಗ್ರೂಪ್’ ಎಂಬ ಕೋಶಕ್ಕೆ ಹೋಗಿ ಅಲ್ಲಿ ಏನಿದೆ ಎಂದು ಪಟ್ಟಿ ಮಾಡಿಸಿ. ‘ಸಿಗ್ರೂಪ್ ಡಾಟ್ ಕಂಟ್ರೋಲರ್ಸ್’ ಎಂಬ ಕಡತ ನೇರವಾಗಿ ಅಲ್ಲಿಯೇ ಕಂಡರೆ ಯಂತ್ರ ಹೊಸ ಆವೃತ್ತಿಯಲ್ಲಿದೆ. ಅದರ ಬದಲು ಮೆಮೊರಿ, ಸಿಪಿಯು ಎಂಬ ಹೆಸರಿನ ಬೇರೆ ಬೇರೆ ಕೋಶಗಳು ಕಂಡರೆ ಹಳೆಯ ಆವೃತ್ತಿ ಇನ್ನೂ ನಡೆಯುತ್ತಿದೆ.

ಹಳೆಯದೇ ಇದ್ದರೆ ನಿಮ್ಮ ಅದೃಷ್ಟ. ಆ ಮೆಮೊರಿ ಕೋಶದೊಳಗೆ ಹೊಕ್ಕು ಯೂಸ್ ಹೈರಾರ್ಕಿ, ಸಾಫ್ಟ್ ಲಿಮಿಟ್, ಕೆಮೆಮ್ ಲಿಮಿಟ್ ಕಡತಗಳನ್ನು ನಿಮ್ಮ ಕಣ್ಣಿನಿಂದಲೇ ನೋಡಬಹುದು. ಅವುಗಳಲ್ಲಿ ಯಾವುದು ಇನ್ನೂ ನೀರು ಬಿಡುವ ತೂಬು, ಯಾವುದು ಬರೀ ಕಲ್ಲುಕಂಬ ಎಂದು ತಿಳಿಯಲು ಯಂತ್ರದಲ್ಲಿರುವ ಕರ್ನಲ್ ಆವೃತ್ತಿಯ ಸಂಖ್ಯೆಯನ್ನು ಮೇಲೆ ಕೊಟ್ಟಿರುವ ಸಂಖ್ಯೆಗಳೊಡನೆ ಹೋಲಿಸಿ ನೋಡಿ. ಆವೃತ್ತಿಯನ್ನು ತಿಳಿಯುವ ಆಜ್ಞೆ ‘ಯುನೇಮ್’, ಅದರ ಮುಂದೆ ಒಂದು ಅಡ್ಡಗೆರೆ ಮತ್ತು ಇಂಗ್ಲಿಷಿನ ಸಣ್ಣ ‘ಆರ್’ ಅಕ್ಷರ ಸೇರಿಸಬೇಕು.